ಕಾಲು ಗೊಳಸಂಗಿ, ಮುಕ್ಕಾಲು ಸಿಂದಗಿ

ಕಲ್ಮೇಶ ತಾನು ಮಾಡಿದ ಚೌಕಟ್ಟಿಗೆ ‘ಹಿಗ್ಗು’ ಎಂದು ಹೆಸರಿಟ್ಟಿದ್ದ. ಎಳೆದರೆ ಅದು ಹಿಗ್ಗುತ್ತಿತ್ತು, ಒತ್ತಿದರೆ ಕುಗ್ಗುತ್ತಿತ್ತು. ಎರಡು ಗುಣಗಳಲ್ಲಿ ಒಂದನ್ನು ಮಾತ್ರ ಹೆಸರಿಗೆ ಇಟ್ಟುಕೊಂಡದ್ದು ವ್ಯಾಪಾರದ ರೂಢಿಯಂತೆಯೇ ಇತ್ತು.

ಅಲ್ಯುಮಿನಿಯಂ ಪೈಪುಗಳನ್ನು ಕತ್ತರಿಯ ಅಲಗಿನಂತೆ ಅಡ್ಡಡ್ಡ ಜೋಡಿಸಿ ನಾಲ್ಕು ಕಾಲು ಕೊಟ್ಟಿದ್ದ. ಮಡಚಿದರೆ ಸುತ್ತಿಟ್ಟ ಹಾಸಿಗೆಯಷ್ಟು, ಬಿಚ್ಚಿ ಎಳೆದರೆ ಅಂಗಳದಷ್ಟು. ಕಾಲುಗಳನ್ನು ನಾಲ್ಕು ಮೂಲೆಗೆ ಸರಿಸಿ ಮೇಲೆ ಬಟ್ಟೆ ಹೊದಿಸಿದರೆ ಹಂದರ. ಒಂದೇ ಸಾಲಿಗೆ ತಂದು ಬಟ್ಟೆ ಇಳಿಬಿಟ್ಟರೆ ಗೋಡೆ. ಗಿಡ್ಡಗೆ ಮಾಡಿ ಹಲಗೆ ಹಾಕಿದರೆ ಊಟದ ಟೇಬಲ್ಲು.

“ಇನ್ನೊಂದೀಟ ಕುಗ್ಗಿಸಿದ್ರ ಹೊರಸ ಆಗ್ತೈತಿ. ಮ್ಯಾಲ ಮಕ್ಕೊಂಡು ಗಿರಾಕಿ ದಾರಿ ನೋಡಬಹುದು” ಎನ್ನುತ್ತಿದ್ದವನು ಆರಿಫ.

ಆರಿಫನಿಗೆ ಬಸವನ ಬಾಗೇವಾಡಿಯಲ್ಲಿ ಅಲ್ಯುಮಿನಿಯಂ ಕಿಟಕಿ ಮಾಡುವ ಅಂಗಡಿಯಿತ್ತು. ಚೌಕಟ್ಟಿನ ನಕಾಶೆ ಕಲ್ಮೇಶನದು, ಕೈ ಆರಿಫನದು. ಇಬ್ಬರೂ ಒಂದೇ ಕಾಲೇಜಿನಲ್ಲಿ ಓದಿದವರು. ಅಲ್ಲಿ ಆರಿಫ ಒಮ್ಮೆ ಮೈಕಿನಲ್ಲಿ ಪ್ರಿನ್ಸಿಪಾಲರ ದನಿ ತೆಗೆದು ರಜೆ ಘೋಷಿಸಿದ್ದ; ಅರ್ಧ ಕಾಲೇಜು ಮನೆಗೆ ಹೋಗಿತ್ತು, ಅದರಲ್ಲಿ ಮೂವರು ಲೆಕ್ಚರರೂ ಇದ್ದರು.

ಇಡೀ ಚೌಕಟ್ಟಿನಲ್ಲಿ ಒಂದೇ ಒಂದು ಬೋಲ್ಟ್ ಇರಲಿಲ್ಲ. ಬೋಲ್ಟ್ ಇದ್ದರೆ ಸಡಿಲಾಗುತ್ತದೆ, ಕಳೆಯುತ್ತದೆ, ಮದುವೆಮನೆಯ ಮಕ್ಕಳ ಬಾಯಿಗೆ ಹೋಗುತ್ತದೆ ಎಂಬುದು ಕಲ್ಮೇಶನ ವಾದ. ಎಲ್ಲ ಕಡೆ ರಿವೆಟ್ ಹೊಡೆಸಿದ್ದ. ಸಾಮಾನು ಸಾಗಿಸುವ ಸಣ್ಣ ಗಾಡಿ ಛೋಟಾ ಹಾಥಿಯ ಎರಡೂ ಮಗ್ಗುಲಿಗೆ ಕೆಂಪು ಅಕ್ಷರದಲ್ಲಿ ಬರೆಸಿದ್ದ: ‘ಪಾನಾ ಬೇಡ, ಏಣಿ ಬೇಡ, ಕುಣಿ ಬೇಡ: ಹಿಗ್ಗು!’

ಈ ಮೂರೂ ಬೇಕಾದ ಕಸುಬು ಅವನ ಅಪ್ಪ ಶ್ರೀಶೈಲಪ್ಪನದು. ಬಾಗೇವಾಡಿಯಲ್ಲಿ ಹಂದರ ಹಾಕುವವರೆಂದರೆ ಶ್ರೀಶೈಲಪ್ಪ ಎನ್ನುವ ಕಾಲವೊಂದಿತ್ತು. ಈಗಲೂ ಪೂರ್ತಿ ಹೋಗಿರಲಿಲ್ಲ. ಅವನ ಗೋಡೌನಿನಲ್ಲಿ ಬಿದಿರು, ಹಗ್ಗ, ತಾಡಪತ್ರಿ, ಬಣ್ಣ ಹೋದ ಜಾಲರಿ, ಮೂರು ಗಾಲಿಯ ಮೇಲೆ ನಿಂತ ಒಂದು ಸಿಂಹಾಸನ ಇದ್ದವು. ಮಗನ ಚೌಕಟ್ಟನ್ನು ಆತ ಬೈದಿರಲಿಲ್ಲ, ಹೊಗಳಿರಲೂ ಇಲ್ಲ. ಕರಾರೊಂದನ್ನು ಹಾಕಿದ್ದ. ಆ ಕರಾರನ್ನು ಆರಿಫ ಶ್ರೀಶೈಲಪ್ಪನ ದನಿಯಲ್ಲೇ, ಕೆಮ್ಮಿನ ಸಮೇತ, ಕೇಳಿದವರಿಗೆಲ್ಲ ಒಪ್ಪಿಸುತ್ತಿದ್ದ: “ಗುರ್ತಿನವರು ತಗೊಂಡ್ರ ಅದು ದಾಕ್ಷಿಣ್ಯ, ವ್ಯಾಪಾರ ಅಲ್ಲ, ಏನಂತಿ? ಗುರ್ತಿಲ್ಲದಾಂವ ಒಬ್ಬ ನಿನ್ನ ಸಾಮಾನ ಬೇಕು ಅನಬೇಕು. ಈ ಲಗ್ನದ ಸುಗ್ಗಿ ಮುಗಿಯೂದ್ರಾಗ ಅನಲಿಲ್ಲಂದ್ರ ಗೋಡೌನಿನ ಕೀಲಿ ತಗೊಂಡು ಕುಂದರು. ಕೆಹ್ಹೆ, ಕೆಹ್ಹೆ.”

ಗುರುತಿಲ್ಲದವರು ಸಿಂದಗಿಯಲ್ಲಿ ಸಿಕ್ಕಿದ್ದರು. ಅಲ್ಲಿ ಹೊಸದಾಗಿ ಎದ್ದ ಸಮುದಾಯ ಭವನವೊಂದರ ಹಾಲ್ ವಿಪರೀತ ದೊಡ್ಡದಾಗಿಬಿಟ್ಟಿತ್ತು. ಸಣ್ಣ ಕಾರ್ಯಕ್ರಮ ಮಾಡುವವರು ಒಳಗೆ ಕಳೆದುಹೋದಂತೆ ಕಾಣುತ್ತಿದ್ದರು. ನಡುವೆ ಗೋಡೆ ಹಾಕಿ ಎರಡು ಮಾಡಬೇಕೆಂದು ಕಮಿಟಿ ಠರಾವು ಮಾಡಿತ್ತು. ಅಧ್ಯಕ್ಷ ಬಾಬುಲಾಲ ಶೇಟಜಿ ಅರಿವೆ ವ್ಯಾಪಾರಿ; ಇಟ್ಟಂಗಿಯ ಗೋಡೆಯೇ ಆಗಬೇಕೆಂದು ಇಟ್ಟಂಗಿ ತಂದು ಇಳಿಸಿಯೂ ಆಗಿತ್ತು. ಕಾರ್ಯದರ್ಶಿ ವಿದ್ಯಾವತಿ ಮೇಡಂ ಮಾತ್ರ ಕಲ್ಮೇಶನಿಗೆ ಫೋನು ಮಾಡಿ, “ಗೌಂಡಿ ಸೋಮವಾರ ಕೆಲಸಾ ಹಚ್ಚತಾನ. ಅದಕ್ಕೂ ಮೊದಲ ನಿಮ್ಮದು ತಂದು ತೋರಸ್ರಿ. ಗ್ವಾಡಿ ಎದ್ದ ಮ್ಯಾಲ ಬಂದ್ರ ನಾ ಚಾ ಕುಡಿಸಿ ಕಳಸ್ತೇನಿ” ಎಂದಿದ್ದರು.

ಆ ಸೋಮವಾರದ ಹಿಂದಿನ ದಿನ ಗೊಳಸಂಗಿಯಲ್ಲಿ ಅಮಸಿದ್ದನ ಮಗಳು ಸುಜಾತಾಳ ಅರಿಷಿಣ. ಅಮಸಿದ್ದ ಕುರಿ ಸಾಕುವವನು, ಶ್ರೀಶೈಲಪ್ಪನ ಹಳೆಯ ಗಿರಾಕಿ. ದಾಕ್ಷಿಣ್ಯಕ್ಕೆ ‘ಹಿಗ್ಗು’ ತರಲು ಹೇಳಿದ್ದ. ಇದ್ದದ್ದು ಒಂದೇ ಚೌಕಟ್ಟು. ಕಲ್ಮೇಶ ಮುಂಚಿತವಾಗಿಯೇ ಫೋನಿನಲ್ಲಿ ಬಿಡಿಸಿ ಹೇಳಿದ್ದ: “ಕಾಕಾ, ಅರಿಷಿಣದ ಹೊತ್ತಿಗೆ ಹಾಕಿ, ಸಂಜೀಕ ಮಡಚಿಕೊಂಡು ಒಯ್ತೇನಿ. ಮರುದಿನ ಸಿಂದಗಿ ಮುಗಿಸಿ ತಿರುಗಿ ತಂದು ನಿಲ್ಲಸ್ತೇನಿ. ಅದರ ಮರುದಿನ, ಲಗ್ನದ ಅಕ್ಕಿಕಾಳಿನ ಹೊತ್ತಿಗೆ, ನಿಮ್ಮ ಹಂದರ ನಿಮ್ಮ ಅಂಗಳದಾಗ.”

“ಐದ ಮಿನಿಟಿನ ಕೆಲಸಾ ಅಂದಿ. ಯಾವಾಗರ ಒಯ್ಯಿ, ಯಾವಾಗರ ತಾ” ಎಂದಿದ್ದ ಅಮಸಿದ್ದ. ಅವ್ವನಿಗೆ ಹೇಳುವುದನ್ನು ಮರೆತಿದ್ದ.

ಅವ್ವ ಎಂದರೆ ಶೆಟ್ಟೆವ್ವ. ಮನೆಯಲ್ಲಿ ಒಲೆ ಹೊತ್ತಬೇಕಾದರೂ ಆಕೆಯನ್ನು ಕೇಳಿ ಹೊತ್ತುತ್ತಿತ್ತು.

ಅರಿಷಿಣದ ದಿನ ಚೌಕಟ್ಟನ್ನು ಅಂಗಳದ ನಡುವೆ ಇಟ್ಟು ಕಲ್ಮೇಶ, ಆರಿಫ ಇಬ್ಬರೂ ಎರಡು ಕಡೆ ಹಿಡಿದು ಎಳೆದಾಗ, ಅದು ಕರಕರ ಎನ್ನದೆ, ಆಕಳಿಸುವ ಬೆಕ್ಕಿನಂತೆ ಮೈಮುರಿದು ನಿಂತಿತು. ಹೆಂಗಸರು “ಅಯ್ಯ!” ಎಂದರು. ಕೇರಿಯ ಗಂಡಸರು ಹತ್ತಿರ ಬಂದು ಪೈಪನ್ನು ಬೆರಳಿನಿಂದ ತಟ್ಟಿ ನೋಡಿದರು. ಶೆಟ್ಟೆವ್ವ ಕೈ ಹಿಂದೆ ಕಟ್ಟಿಕೊಂಡು ಚೌಕಟ್ಟಿನ ಸುತ್ತ ಒಂದು ಸುತ್ತು ಹಾಕಿದಳು. ಏನನ್ನೋ ಹುಡುಕುತ್ತಿದ್ದಳು.

“ತಮ್ಮಾ, ಹಂದರಗಂಬ ಎಲ್ಲಿ?”

“ಇದಕ್ಕ ಕಂಬ ಇಲ್ರಿ ಆಯಿ. ಕಂಬ ಇಲ್ಲದ ಹಂದರ ಇದು. ಅದ ಇದರ ವಿಶೇಷ.”

“ಮತ್ತ ಇವು ನಾಕು ನಿಂತಾವಲ್ಲ, ಇವು ಏನು?”

“ಇವು ಕಾಲು.”

“ಹಂಗಾರ ಕಂಬ ಯಾವುದು ಮಾಡಕೋಬೇಕು?”

ಒಳಗಿಂದ ಊಟಕ್ಕೆ ಕರೆ ಬಂದಿತ್ತು. ಎಣ್ಣಿಗಾಯಿಯ ವಾಸನೆ ಅಂಗಳದ ತುದಿಯವರೆಗೂ ಬಂದಿತ್ತು. ಹೆಂಗಸರು ಹೂವಿನ ಮಾಲೆ ಸುತ್ತಲು ಕೇಳುತ್ತಿದ್ದಾರೆ ಅಂದುಕೊಂಡು ಕಲ್ಮೇಶ ಕೈ ತೊಳೆಯುತ್ತಲೇ ಉತ್ತರ ಕೊಟ್ಟ: “ಯಾವುದು ಬೇಕು ಅದನ್ನ ಮಾಡಕೋರಿ ಆಯಿ. ನಾಕೂ ನಿಮ್ಮವ.”

ಹೀಗೆ ಹೇಳಿದವನು ಹಂದರ ಹಾಕುವವನ ಮಗ. ಚಿಕ್ಕಂದಿನಿಂದ ನೋಡಿದ್ದ: ಅಪ್ಪ ಯಾವ ಮದುವೆಮನೆಗೆ ಹೋದರೂ ಬಿದಿರಿನ ಜೊತೆ ಒಂದು ಹಸಿ ಟೊಂಗೆ ಒಯ್ಯುತ್ತಿದ್ದ. ಮೊದಲು ಅದನ್ನು ನೆಟ್ಟು, ಹೆಂಗಸರಿಗೆ ಒಪ್ಪಿಸಿ, ಆಮೇಲೆ ಉಳಿದ ಕೆಲಸ. ಆ ಟೊಂಗೆಯ ಮೇಲೆ ಹಂದರದ ಒಂದು ಹಗ್ಗವೂ ನಿಲ್ಲುತ್ತಿರಲಿಲ್ಲ. ‘ಹಿಗ್ಗು’ವಿನ ನಕಾಶೆ ಬರೆಯುವಾಗ ಕಲ್ಮೇಶ ಮೊದಲು ತೆಗೆದುಹಾಕಿದ್ದೇ ಅದನ್ನು, ಭಾರ ಹೊರದ ಕಂಬ ಯಾತಕ್ಕೆ ಎಂದು. ನಕಾಶೆಯಿಂದ ತೆಗೆದದ್ದು ತಲೆಯಿಂದಲೂ ಹೋಗಿತ್ತು.

ಹುಗ್ಗಿ ಎರಡನೇ ಸಲ ಬಡಿಸಿಕೊಂಡು, ಎಲೆ ಅಡಿಕೆ ಹಾಕಿಕೊಂಡು ಇಬ್ಬರೂ ಹೊರಗೆ ಬಂದರು. ಚೌಕಟ್ಟು ಒಂದು ಮೂಲೆಗೆ ವಾಲಿ, ಊರಿಗೆ ನಮಸ್ಕಾರ ಮಾಡುವಂತೆ ನಿಂತಿತ್ತು. ಬಾಗಿಲ ಬಲಕ್ಕಿದ್ದ ಕಾಲಿನ ಕೆಳಗೆ ಕುಣಿ ತೋಡಿ, ಕಾಲನ್ನು ಮೊಳಕಾಲುದ್ದ ಇಳಿಸಿ, ನವಧಾನ್ಯ ಹಾಕಿ, ಹಾಲು ಎರೆದು, ಮಣ್ಣು ತುಂಬಿ, ಒನಕೆಯಿಂದ ಗಟ್ಟಿಸಿ ಆಗಿತ್ತು. ಪೈಪಿಗೆ ಬೇವಿನ ಟೊಂಗೆ ಕಟ್ಟಿತ್ತು. ಅದರ ಕೆಳಗೆ ಅರಿಷಿಣದ ಬಟ್ಟೆಯಲ್ಲಿ ಅರಿಷಿಣಕೊಂಬು ಅಡಿಕೆ ಗಂಟು ಹಾಕಿ ಕಂಕಣ. ಐದು ಮಂದಿ ಮುತ್ತೈದೆಯರು ಕುಂಕುಮ ಹಚ್ಚಿ ಆರತಿ ತಟ್ಟೆ ಕೆಳಗಿಡುತ್ತಿದ್ದರು.

ಆರಿಫ ಗಾಡಿಯ ಮೇಲಿನ ‘ಕುಣಿ ಬೇಡ’ವನ್ನೊಮ್ಮೆ ನೋಡಿದ, ಕುಣಿಯನ್ನೊಮ್ಮೆ ನೋಡಿದ. ಅಡಿಕೆ ನುಂಗಿದ.

“ಆಯಿ” ಎಂದ ಕಲ್ಮೇಶ, “ಇದನ್ನ ನಾವು ಈಗ ಮಡಚಬೇಕಿತ್ರಿ.”

“ಮಡಚು. ಯಾರು ಬ್ಯಾಡ ಅಂದಾರ? ಕಂಬ ಬಿಟ್ಟು ಮಡಚು.”

“ಅದೊಂದನ್ನ ಬಿಟ್ಟು ಮಡಚಾಕ ಬರೂದಿಲ್ರಿ. ಎಲ್ಲಾ ಒಂದಕ್ಕೊಂದು ಹೊಂದಿಕೊಂಡಾವ.”

“ನಾವೂ ಹಂಗ ಅದೀವಿ ತಮ್ಮಾ. ಅದಕ್ಕ ನಮ್ಮ ಮನ್ಯಾಗ ಯಾರೂ ಯಾರನ್ನೂ ಮಡಚೂದಿಲ್ಲ.”

ಹೆಂಗಸರು ನಕ್ಕರು. ಕಲ್ಮೇಶ ನಗಲು ಪ್ರಯತ್ನಿಸಿ ಅರ್ಧಕ್ಕೆ ಬಿಟ್ಟ.

“ಕಂಕಣ ಯಾವಾಗ ಬಿಚ್ಚತೀರಿ ಆಯಿ?”

“ಅಕ್ಕಿಕಾಳು ಬಿದ್ದು, ಹುಡುಗಿ ಗಂಡನ ಮನಿಗಿ ಹೋಗಿ, ಹೊಳ್ಳಿ ಬಂದು, ಕಂಬಕ್ಕ ಪೂಜಿ ಮಾಡಿದ ಮ್ಯಾಲ. ನಿಮ್ಮಪ್ಪನ್ನ ಕೇಳು, ಹೇಳ್ತಾನ.”

“ಬ್ಯಾರೆ ಒಂದು ಟೊಂಗಿ ಕಡದು ತಂದು ನಾನ ನೆಡ್ತೇನ್ರಿ. ಇದನ್ನ ಬಿಡಸ್ರಿ.”

“ಒಂದ ಮದಿವಿಗೆ ಎರಡ ಕಂಬಾ? ಎರಡ ಸಲ ಹಾಲು ಎರದ್ರ ಮಂದಿ ನಮ್ಮ ಹುಡುಗಿಗಿ ಎರಡನೇದ್ದು ಅಂತಾರ. ಯಾವುದು ಬೇಕು ಅದನ್ನ ಮಾಡಕೋರಿ ಅಂದಾಂವ ನೀನ. ನಾ ಏನು ಕದ್ದು ಮಾಡೇನೇನು?”

ಅಷ್ಟರಲ್ಲಿ ಅಮಸಿದ್ದ ಕುರಿಹಟ್ಟಿಯಿಂದ ಬಂದ. ಸಂಗತಿ ತಿಳಿದು ತಲೆಯ ರುಮಾಲು ತೆಗೆದು ಮತ್ತೆ ಸುತ್ತಿಕೊಂಡ.

“ಯವ್ವಾ, ಹುಡುಗ ನಂಗ ಮೊದಲ ಹೇಳಿದ್ದ.”

“ನಿಂಗ ಹೇಳಿದ್ದ. ನೀ ನಂಗ ಹೇಳಿದ್ಯಾ?”

“ಮರತ್ನಿ.”

“ಮುನ್ನೂರು ಕುರಿಯೊಳಗ ಒಂದು ಮರಿ ಕುಂಟಿದ್ರ ನೆನಪ ಇರ್ತೈತಿ ನಿಂಗ.”

ಅಮಸಿದ್ದನ ಸಹಾಯ ಅಲ್ಲಿಗೆ ಮುಗಿಯಿತು.

ಆರಿಫ ಕಲ್ಮೇಶನನ್ನು ಗಾಡಿಯ ಮಗ್ಗುಲಿಗೆ ಎಳೆದ. “ಲೇ ಕಲ್ಮ್ಯಾ, ನಿಮ್ಮಪ್ಪನ್ನ ಕೇಳು ಅಂದಳಲ್ಲ ಆಯಿ. ಕೇಳಸೂಣು.”

“ಅಪ್ಪ ಯಾಕ ಹೇಳ್ತಾನ? ಕಂಬ ಕಿತ್ರ ಅವನ ಮೊದಲ ನನ್ನ ಕಿತ್ತ ಒಗೀತಾನ.”

“ಅವರನ್ನ ಯಾರು ಕೇಳಾಕತ್ತಾರ?” ಎಂದ ಆರಿಫ, ಗಂಟಲು ಸರಿಮಾಡಿಕೊಂಡು. “ಏನಂತಿ? ಕೆಹ್ಹೆ.”

ಆರಿಫ ಗಾಡಿಯ ಆ ಕಡೆ ಕುಳಿತ. ಕಲ್ಮೇಶ ಈ ಕಡೆ ಬಂದು, ಫೋನು ರಿಂಗಾದಾಗ “ಅಪ್ಪಂದು” ಎಂದು ಲೌಡ್‌ಸ್ಪೀಕರ್ ಹಾಕಿ ಶೆಟ್ಟೆವ್ವನ ಕಿವಿಯ ಬಳಿ ಹಿಡಿದ.

“ಶೆಟ್ಟೆವ್ವಾರ, ನಾ ಶ್ರೀಶೈಲಪ್ಪ ಮಾತಾಡಾಕತ್ತೇನ್ರಿ. ಕೆಹ್ಹೆ. ನಮ್ಮ ಹುಡುಗ ಹೇಳಿದ. ಏನ್ ಹೆದರಬ್ಯಾಡ್ರಿ. ಕಂಬಕ್ಕ ಪೂಜಿ ಆದ ಮ್ಯಾಲ ಒಂದಿನ ಹೊರಗ ಹೋಗಿ ಬಂದ್ರ ನಡೀತೈತ್ರಿ. ಮೂವತ್ತ ವರ್ಷ ಹಂದರ ಹಾಕೇನಿ, ಏನಂತೀರಿ? ಒಂದ ಎಳಿ ಕಂಕಣ ಸಡಲ ಮಾಡ್ರಿ, ತಿರುಗಿ ಬಂದ ಮ್ಯಾಲ ಬಿಗೀರಿ. ಕೆಹ್ಹೆ, ಕೆಹ್ಹೆ.”

ದನಿ ಎಷ್ಟು ಬರೊಬ್ಬರಿ ಇತ್ತೆಂದರೆ ಕಲ್ಮೇಶ ಅಪ್ಪನ ಮುಂದೆ ನಿಲ್ಲುವಂತೆ ತಲೆ ತಗ್ಗಿಸಿ ನಿಂತಿದ್ದ. ಶೆಟ್ಟೆವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಫೋನನ್ನು ಬಿಟ್ಟು ಗಾಡಿಯ ಕಡೆ ತಿರುಗಿ ಹೇಳಿದಳು:

“ಏ ಆರಿಫಾ, ಈ ಕಡೆ ಬಾರೋ. ಬಿಸಲಾಗ ಯಾಕ ಕುಂತಿ?”

ಆರಿಫ ಎದ್ದು ಬಂದ.

“ಶ್ರೀಶೈಲ ನನ್ನ ಯಕ್ಕಾ ಅಂತಾನ. ನನ್ನ ಹಿರೀ ಮಗಳ ಹಂದರ ಹಾಕಿದಾಗಿಂದ ಅಂತಾನ. ಜಗಳಾ ಆಡೂಮುಂದೂ ‘ಯಕ್ಕಾ, ನೀ ಭಾಳ ಕೆಟ್ಟಾಕಿ’ ಅಂತ ಆಡ್ಯಾನ. ದನಿ ತಗದಿ, ಬಳಗ ತಗೀಲಿಲ್ಲ.” ಆಕೆಗೆ ಸಿಟ್ಟು ಬಂದಂತೆ ಕಾಣಲಿಲ್ಲ. “ಆ ಕೆಮ್ಮ ಇನ್ನೊಮ್ಮೆ ಮಾಡು. ಒಳಗಿನವರು ಕೇಳಿಲ್ಲ.”

ಆರಿಫ ಕೆಮ್ಮಿದ. ಒಳಗಿನವರು ಹೊರಗೆ ಬಂದರು. ಅರಿಷಿಣ ಹಚ್ಚಿಕೊಂಡು ಕುಳಿತಿದ್ದ ಸುಜಾತಾ ಕಿಟಕಿಯಿಂದ “ಇನ್ನೊಮ್ಮೆರೀ!” ಎಂದಳು.

ಆಗ ಕಲ್ಮೇಶ ನೇರವಾಗಿ ಹೇಳಿದ. ಸಿಂದಗಿಯ ಹಾಲ್, ಇಳಿಸಿಟ್ಟ ಇಟ್ಟಂಗಿ, ನಾಳೆಯ ಗೌಂಡಿ, ಅಪ್ಪನ ಕೀಲಿ, ಎಲ್ಲವನ್ನೂ. “ನಾಳೆ ಇದು ಅಲ್ಲಿ ನಿಲ್ಲಲಿಲ್ಲಂದ್ರ, ಆಯಿ, ಇದರ ಕತಿ ಮುಗೀತು. ನಾ ಗೋಡೌನಿನ್ಯಾಗ ಕುಂತು ಹಗ್ಗ ಸುತ್ತಬೇಕು.”

“ಹಗ್ಗ ಸುತ್ತೂದೇನ ಕೆಟ್ಟ ಕೆಲಸಲ್ಲ” ಎಂದಳು ಶೆಟ್ಟೆವ್ವ. ಸ್ವಲ್ಪ ಹೊತ್ತು ಚೌಕಟ್ಟನ್ನು ನೋಡಿದಳು. “ನಂದು ಕಂಬ ಅಷ್ಟ. ಅದು ಅಲಗಾಡಬಾರದು. ಉಳಕಿದ್ದು ನಿನ್ನ ಸಾಮಾನ. ಒಯ್ಯಿ.”

ಅದರರ್ಥ ಇಬ್ಬರಿಗೂ ತಿಳಿಯಿತು. ಕಾಲನ್ನು ಚೌಕಟ್ಟಿನಿಂದ ಬಿಡಿಸಬೇಕು. ಬೋಲ್ಟ್ ಇದ್ದಿದ್ದರೆ ಪಾನಾ ತಿರುಗಿಸಿದರೆ ಮುಗಿಯುತ್ತಿತ್ತು. ರಿವೆಟ್ಟುಗಳನ್ನು ಡ್ರಿಲ್ಲಿನಿಂದ ಕೊರೆದು ತೆಗೆಯಬೇಕು, ತೆಗೆದ ಮೇಲೆ ಮತ್ತೆ ಅದೇ ತೂತಿಗೆ ಹಿಡಿಯುವ ಭರವಸೆಯಿಲ್ಲ. ಆರಿಫ ಕಲ್ಮೇಶನ ಮುಖ ನೋಡಿದ. ಕಲ್ಮೇಶ ತಲೆಯಾಡಿಸಿದ. ಅಮಸಿದ್ದ ಪಕ್ಕದ ಮನೆಯಿಂದ ಏಣಿ ತಂದುಕೊಟ್ಟ.

ಡ್ರಿಲ್ಲಿನ ಅದುರಿಗೆ ಕಂಬ ಅಲುಗಬಾರದೆಂದು ಐದೂ ಮುತ್ತೈದೆಯರು ಪೈಪನ್ನು ಸುತ್ತುವರಿದು ಹತ್ತು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡರು. ಮೇಲೆ ಏಣಿಯ ತುದಿಯಲ್ಲಿ ಆರಿಫ ಕೊರೆಯುತ್ತಿದ್ದ. ಅಲ್ಯುಮಿನಿಯಂ ಪುಡಿ ಹೆಂಗಸರ ತಲೆಯ ಮೇಲಿನ ಸೆರಗಿಗೆ ಬೀಳುತ್ತಿತ್ತು. “ಆರಿಫಣ್ಣಾ, ಬೆಳ್ಳಿ ಅಕ್ಕಿಕಾಳು ಒಗ್ಯಾಕತ್ತೀರಲ್ರಿ” ಎಂದಳು ಒಬ್ಬಾಕೆ. ಕೊನೆಯ ರಿವೆಟ್ ಬಿಟ್ಟುಕೊಂಡಾಗ ಉಳಿದ ಭಾಗ ಆ ಕಡೆ ಕುಸಿಯಿತು. ಕಂಬ ಮಾತ್ರ, ಯಾವುದನ್ನೂ ಹೊರದೆ, ನೆಟ್ಟಗೆ ನಿಂತಿತು.

ಗಾಡಿ ಹೊರಟಾಗ ಆರಿಫ ಹೇಳಿದ: “ಕಾಲು ಗೊಳಸಂಗ್ಯಾಗ ಉಳೀತು. ಸಿಂದಗಿಗಿ ಮುಕ್ಕಾಲು ಹೊಂಟೈತಿ.” ಬೇರೆ ಕಾಲು ಮಾಡಿಸಲು ಆ ಅಳತೆಯ ಪೈಪು ವಿಜಯಪುರದಿಂದ ಬರಬೇಕಿತ್ತು.

ಬೆಳಗ್ಗೆ ಸಿಂದಗಿಯ ಹಾಲಿನ ಬಾಗಿಲಲ್ಲಿ ಗೌಂಡಿ ತನ್ನ ಥಾಪಿ ಹಿಡಿದುಕೊಂಡು ಬೀಡಿ ಸೇದುತ್ತ ಕುಳಿತಿದ್ದ. ಒಳಗೆ ಕಮಿಟಿಯವರು ಕುರ್ಚಿ ಹಾಕಿಕೊಂಡಿದ್ದರು. ವಿದ್ಯಾವತಿ ಮೇಡಂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡುವವರು. ಬಾಬುಲಾಲ ಶೇಟಜಿ ಒಂದು ಕೈಯಿಂದ ಇನ್ನೊಂದು ಕೈಯ ಮಣಿಕಟ್ಟು ತಿಕ್ಕಿಕೊಳ್ಳುತ್ತ ಮಾತಾಡುವವರು.

ಚೌಕಟ್ಟು ಹಿಗ್ಗಿತು. ಹಾಲಿನ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಸಾಲಾಗಿ ಹರಿಯಿತು. ಬಟ್ಟೆ ಇಳಿಬಿಟ್ಟರು. ಮುಕ್ಕಾಲು ಭಾಗ ಗೋಡೆಯಂತೆಯೇ ಇತ್ತು; ಕೊನೆಯ ತುದಿ ಮಾತ್ರ ಕಾಲಿಲ್ಲದೆ ಜೋತುಬಿದ್ದು ನೆಲ ಮುಟ್ಟುವಂತಾಯಿತು. ಕಲ್ಮೇಶ ಸುತ್ತ ನೋಡಿದ. ಹೊರಗೆ ಓಡಿ, ಕೈತುಂಬ ಇಟ್ಟಂಗಿ ತಂದು, ಒಂದರ ಮೇಲೊಂದು ಇಟ್ಟು ಆ ತುದಿಯನ್ನು ಅದರ ಮೇಲೆ ಕೂರಿಸಿದ.

ಬಾಬುಲಾಲ ಶೇಟಜಿ ಎದ್ದು ಬಂದರು. “ತಮ್ಮಾ, ನಿನ್ನ ಗ್ವಾಡಿ ನಿಲ್ಲಾಕ ನನ್ನ ಇಟ್ಟಂಗಿ ಬೇಕಾತು. ನನ್ನ ಇಟ್ಟಂಗಿ ನಿಲ್ಲಾಕ ನಿನ್ನ ಗ್ವಾಡಿ ಏನೂ ಬೇಕಿಲ್ಲ.”

ಕಮಿಟಿ ನಕ್ಕಿತು. ಬಾಗಿಲಲ್ಲಿ ಗೌಂಡಿ ಬೀಡಿ ಆರಿಸಿದ.

“ಆ ಕಾಲು ಎಲ್ಲೈತ್ರಿ?” ಎಂದು ವಿದ್ಯಾವತಿ ಮೇಡಂ ಕೇಳಿದರು.

ಕಲ್ಮೇಶನಿಗೆ ಗಾಡಿಯಲ್ಲಿ ಬರುವಾಗ ಆರಿಫ ಮೂರು ನೆಪ ಕಟ್ಟಿಕೊಟ್ಟಿದ್ದ, ಮೂರನ್ನೂ ಮೂರು ದನಿಯಲ್ಲಿ ಹೇಳಿ ತೋರಿಸಿಯೂ ಇದ್ದ. ಕಲ್ಮೇಶ ಯಾವುದನ್ನೂ ಬಳಸಲಿಲ್ಲ.

“ಗೊಳಸಂಗ್ಯಾಗ ಐತ್ರಿ. ನಿನ್ನೆ ಹಂದರ ಹಾಕಿದ್ವಿ. ಮನ್ಯಾಗಿನ ಹಿರ್ಯಾಕಿ ಅದಕ್ಕ ಹಾಲು ಎರದು ಕಂಕಣ ಕಟ್ಟಿಬಿಟ್ಟಳು. ಹಂದರಗಂಬ ಆಗಿಬಿಡ್ತು. ಕೀಳಾಕ ಬರಲಿಲ್ಲ, ಬಿಟ್ಟ ಬಂದ್ವಿ.”

ಕಮಿಟಿಯಲ್ಲಿ ಯಾರೂ ನಗಲಿಲ್ಲ. ಒಬ್ಬರು “ಕಂಕಣ ಕಟ್ಟಿದ ಮ್ಯಾಲ ಮುಗೀತಲ್ರಿ” ಎಂದರು. ಇನ್ನೊಬ್ಬರು ತಮ್ಮ ತಂಗಿಯ ಮದುವೆಯ ಕಂಬಕ್ಕೆ ಎಮ್ಮೆ ಬೆನ್ನು ಉಜ್ಜಿ ಬೀಳಿಸಿದ್ದನ್ನು, ಆಮೇಲೆ ಆದದ್ದನ್ನು ಹೇಳಲು ಶುರುಮಾಡಿದರು. ಮೇಡಂ ಅವರನ್ನು ಕೈಸನ್ನೆಯಿಂದ ನಿಲ್ಲಿಸಿದರು.

ಬಾಬುಲಾಲ ಶೇಟಜಿ ಅಷ್ಟರಲ್ಲಿ ಚೌಕಟ್ಟಿನ ಕಾಲಿರುವ ತುದಿಗೆ ಹೋಗಿದ್ದರು. ಸುಮ್ಮನೆ ಎಂಬಂತೆ ಅದನ್ನು ಹಿಡಿದು ತಮ್ಮ ಕಡೆ ಎಳೆದರು. ಅದು ಬಂತು. ಒತ್ತಿದರು. ಹೋಯಿತು. ಮತ್ತೆ ಎಳೆದರು, ಈ ಸಲ ಒಂದೇ ಕೈಯಿಂದ.

“ಇದು ನಮ್ಮ ಅಂಗಡಿ ಚಾನೆಲ್ ಗೇಟ್ ಇದ್ದಂಗ ಐತಲ್ಲ” ಎಂದರು.

“ಅದರ ಕೂಸ ಅನ್ರಿ ಶೇಟಜೀ” ಎಂದ ಆರಿಫ.

“ಅದು ನನ್ನ ಮಣಿಕಟ್ಟು ತಿಂದೈತಿ. ಮುಂಜಾನೆ ನಾನು, ನೌಕರ ಇಬ್ಬರೂ ಸೇರಿ ಜಗ್ಗಬೇಕು. ಊರ ಎಲ್ಲಾ ಎಚ್ಚರಾಗ್ತೈತಿ.” ಇನ್ನೊಮ್ಮೆ ಎಳೆದರು. ಮತ್ತೆ ಒತ್ತಿದರು. ಅಧ್ಯಕ್ಷರು ಹೀಗೆ ಎಳೆಯುತ್ತ ಒತ್ತುತ್ತ ಇರುವಾಗ ಹಾಲ್ ಎರಡಾಗುತ್ತಿತ್ತು, ಒಂದಾಗುತ್ತಿತ್ತು. ಮೇಡಂ ಕುರ್ಚಿಯಿಂದಲೇ ಕೇಳಿದರು: “ಅಧ್ಯಕ್ಷರ, ದೊಡ್ಡ ಲಗ್ನ ಬಂದಾಗ ನಿಮ್ಮ ಇಟ್ಟಂಗಿ ಗ್ವಾಡಿನ ಹಿಂಗ ಸರಸ್ತೀರೇನು?”

ಶೇ‌ಟಜಿ ಗೋಡೆಯನ್ನು ಬಿಡಲಿಲ್ಲ, ಮಾತನ್ನು ಮಾತ್ರ ಬಿಟ್ಟರು. “ಇಟ್ಟಂಗಿ ಕಂಪೌಂಡಿಗಿ ಹಾಕ್ರಿ” ಎಂದು ಗೌಂಡಿಗೆ ಕೂಗಿ ಹೇಳಿದರು. “ಇದು ಇರ್ಲಿ. ಇಂಥವ ಇನ್ನೂ ಬೇಕಾಗ್ತಾವ, ಊಟದ ಹಾಲಿಗೂ.”

ಗುರುತಿಲ್ಲದವನೊಬ್ಬ ಬೇಕು ಎಂದಿದ್ದ. ಕಲ್ಮೇಶ ಮುಂದೆ ಏನು ಮಾಡಬೇಕೆಂದು ತಿಳಿಯದೆ, ಯಾರೋ ಕೈಗೆ ಕೊಟ್ಟ ತೆಂಗಿನಕಾಯಿಯನ್ನು ಹಾಲಿನ ಹೊಸ್ತಿಲಿಗೆ ಒಡೆದ. ವಿದ್ಯಾವತಿ ಮೇಡಂ ಚೌಕಟ್ಟಿಗೆ ಕುಂಕುಮ ಹಚ್ಚಿದರು. ಶೇಟಜಿ ಊದಿನಕಡ್ಡಿ ಬೆಳಗಿದರು. ಎಲ್ಲರೂ ಕಾಯಿಹೋಳು ತಿಂದರು. ಆಮೇಲೆ ಕಲ್ಮೇಶ ಮಡಚಲು ಕೈ ಹಾಕಿದ.

“ಏನ್ ಮಾಡಾಕತ್ತೀದಿ?” ಎಂದರು ಶೇಟಜಿ.

“ಒಯ್ತೇನ್ರಿ. ಇದು ಮಾದರಿ. ನಾಳೆ ಗೊಳಸಂಗ್ಯಾಗ ಲಗ್ನ ಐತ್ರಿ. ನಿಮ್ಮದು ಹೊಸಾದು ಮಾಡಿ ತಂದು ಕೊಡ್ತೇನಿ.”

“ಬೋಣಿಗಿ ಪೂಜಿ ಆದ ಸಾಮಾನ ತಮ್ಮಾ ಇದು. ಒಳಗ ಬಂದು, ಕಾಯಿ ಒಡಸಿಕೊಂಡು, ಅವತ್ತ ಹೊಸ್ತಿಲ ದಾಟಿ ಹೊರಗ ಹೋದ್ರ ಏನು ಅರ್ಥ? ಹಿಂಗ ಎರಡ ಆದ ಹಾಲಿನ ಉದ್ಘಾಟನಾ ಆಗೂತನ ಇದು ಹೊರಗ ಹೋಗೂದಿಲ್ಲ.”

“ಶೇಟಜೀ, ಅಲ್ಲಿ ಹಂದರಿಲ್ಲದ ಲಗ್ನ ಆಗ್ತೈತ್ರಿ!”

“ಅಲ್ಲಿ ಹಿರ್ಯಾಕಿ ಕಾಲು ಬಿಡಲಿಲ್ಲ ಅಂತ ನೀನ ಹೇಳಿದಿ. ಆಕಿ ಬಿಡಲಿಲ್ಲ, ನೀ ಒಪ್ಪಿದಿ. ನಾ ಯಾಕ ಬಿಡ್ಲಿ?” ಶೇಟಜಿ ಸಿಟ್ಟಿನಿಂದ ಹೇಳಲಿಲ್ಲ. “ಒಯ್ಯೂದಿದ್ರ ಒಯ್ಯಿ. ಗೌಂಡಿ ಇನ್ನ ಇಲ್ಲೇ ಅದಾನ.”

ಗೌಂಡಿ ಹೊಸ ಬೀಡಿ ಹಚ್ಚಿದ್ದವನು ಕೈಯಲ್ಲೇ ಹಿಡಿದು ಕಾದ. ವಿದ್ಯಾವತಿ ಮೇಡಂ ಕನ್ನಡಕ ಒರೆಸಿದರು. ಈ ವಿಷಯದಲ್ಲಿ ಅವರೂ ಅಧ್ಯಕ್ಷರ ಕಡೆಗೇ ಇದ್ದಂತೆ ಕಂಡಿತು.

ಕಲ್ಮೇಶ ಚೌಕಟ್ಟಿನಿಂದ ಕೈ ತೆಗೆದ. ಹೊರಗೆ ಬಂದು ಇಟ್ಟಂಗಿಯ ರಾಶಿಯ ಮೇಲೆ ಕುಳಿತ. ಆರಿಫ ಪಕ್ಕದಲ್ಲಿ ಕುಳಿತ. ಸಿಂದಗಿಯಲ್ಲೋ, ಇಂಡಿಯಲ್ಲೋ, ಮುದ್ದೇಬಿಹಾಳದಲ್ಲೋ ಯಾರ ಬಳಿಯಾದರೂ ಹಂದರದ ಸಾಮಾನು ಬಿಡುವಿರಬಹುದೇ ಎಂದು ಇಬ್ಬರೂ ಫೋನು ಮಾಡಿ ನೋಡಿದರು. ಲಗ್ನದ ಸುಗ್ಗಿ, ಎಲ್ಲರೂ ನಕ್ಕು ಫೋನು ಇಟ್ಟರು. ಉಳಿದದ್ದು ಒಂದೇ ಗೋಡೌನು. ಅದರ ಕೀಲಿ ಯಾರ ಬಳಿ ಇದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

“ನೀ ಮಾಡು” ಎಂದ ಆರಿಫ. “ನಂಗ ನಿನ್ನ ದನಿ ತಗದು ಮಾಡಾಕೂ ಬರ್ತೈತಿ, ಆದ್ರ ಗೊಳಸಂಗಿ ಆದ ಮ್ಯಾಲ ಧೈರ್ಯ ಇಲ್ಲ.”

ಕಲ್ಮೇಶ ಫೋನು ಹಚ್ಚಿದ.

“ಯಪ್ಪಾ, ನಾನು.”

“ಹೂಂ.”

“ಯಪ್ಪಾ, ನಾಳೆ ಮುಂಜಾನೆ ಗೊಳಸಂಗಿಗಿ ಬಿದಿರು, ಹಗ್ಗ, ತಾಡಪತ್ರಿ ಬೇಕಾಗಿತ್ತು. ನೀನೂ ಬೇಕಾಗಿದ್ದಿ.”

ಆ ಕಡೆಯಿಂದ ಕೆಮ್ಮು, ಅಸಲಿಯದು.

“ಲೇ ಆರಿಫ್ಯಾ, ಭಾಳ ಚಲೋ ತಗದಿ ದನಿ. ಆದ್ರ ನನ್ನ ಮಗ ಬಿದಿರು ಬೇಕು ಅನ್ನಾಂವಲ್ಲ. ಇಡು ಫೋನ.”

ಇಟ್ಟೇಬಿಟ್ಟ.

ಆರಿಫ ಇಟ್ಟಂಗಿಯ ಮೇಲೆ ಉರುಳಿ ನಕ್ಕ. ಕಲ್ಮೇಶ ಮತ್ತೆ ಹಚ್ಚಿದ. ಅಪ್ಪ ಎತ್ತಿದ.

“ಯಪ್ಪಾ, ನಾನ. ಕಲ್ಮೇಶ. ಆರಿಫ ಬಾಜೂಕ ಕುಂತು ನಗಾಕತ್ತಾನ, ಕೇಳು.” ಫೋನನ್ನು ಆರಿಫನ ಬಾಯಿಗೆ ಹಿಡಿದ, ಮರಳಿ ತೆಗೆದುಕೊಂಡ. “ಹಂದರಗಂಬದ ಟೊಂಗಿ ಒಯ್ಯೂದು ಮರತ್ನಿ. ಶೆಟ್ಟೆವ್ವ ಆಯಿ ನನ್ನ ಫ್ರೇಮಿನ ಕಾಲಿಗಿ ಕಂಕಣ ಕಟ್ಟ್ಯಾಳ. ಉಳಕಿದ್ದು ಸಿಂದಗ್ಯಾಗ ಪೂಜಿ ಆಗಿ ಕುಂತೈತಿ. ಗೊಳಸಂಗ್ಯಾಗ ಬರೇ ಒಂದು ಕಾಲು ಐತಿ, ಮ್ಯಾಲ ಏನೂ ಇಲ್ಲ.”

ಶ್ರೀಶೈಲಪ್ಪ ಕೇಳಿದ್ದು ಒಂದೇ ಮಾತು: “ಯಕ್ಕ ಸಿಟ್ಟಿಗೆದ್ದಾಳೇನು?”

“ಇಲ್ಲ.”

“ಆಕಿ ಸಿಟ್ಟಿಗೇಳೂದ್ರಾಗ ಬರ್ತೇನಿ.”

ಮರುದಿನ ಬೆಳಗಾಗುತ್ತಲೇ ಬಿದಿರಿನ ಗಾಡಿ ಗೊಳಸಂಗಿಯ ಅಂಗಳದಲ್ಲಿ ನಿಂತಿತು. ಶ್ರೀಶೈಲಪ್ಪ ಇಳಿದು ನೇರವಾಗಿ ಕಂಬದ ಬಳಿ ಹೋದ. ಬೇವಿನ ಎಲೆಗಳು ಬಾಡಿದ್ದವು, ಕಂಕಣ ಬಿಗಿಯಾಗಿತ್ತು, ಪೈಪಿನ ಮೇಲ್ತುದಿಯಲ್ಲಿ ರಿವೆಟ್ ಕಿತ್ತ ತೂತುಗಳು ಕಾಣುತ್ತಿದ್ದವು.

“ಏನ್ ಯಕ್ಕಾ, ತಗಡಿನ ಕಂಬಕ್ಕ ಹಾಲು ಎರದೇನು?”

“ನಿನ್ನ ಮಗ ತಂದದ್ದಕ್ಕ ಎರದೆ. ನೀ ಟೊಂಗಿ ಕೊಟ್ಟು ಕಳಸಬೇಕಿತ್ತು.”

“ಅಂವ ನನ್ನ ಕೇಳಬೇಕಿತ್ತು.”

“ಈಗ ಕೇಳ್ಯಾನಲ್ಲ. ಚಾ ಕುಡಿ, ಕೆಲಸಾ ಹಚ್ಚು. ಬೀಗರು ಬರೂ ಹೊತ್ತಾತು.”

ಶ್ರೀಶೈಲಪ್ಪ ಕಂಬವನ್ನು ಭುಜದಿಂದ ಒಮ್ಮೆ ನೂಕಿ ನೋಡಿದ. ಅಲುಗಲಿಲ್ಲ. ಆ ತೂತುಗಳಲ್ಲಿ ಒಂದರ ಮೇಲೆ ಬೆರಳಿಟ್ಟು ಅಳತೆ ನೋಡಿದ. ಆಮೇಲೆ ಮೊದಲ ಹಗ್ಗವನ್ನು ಆ ತೂತಿನೊಳಗೆ ತೂರಿಸಿ ಗಂಟು ಹಾಕಿ, ಇನ್ನೊಂದು ತುದಿಯನ್ನು ಬಿದಿರಿಗೆ ಎಳೆದ. ಅವನ ಹಂದರಗಳಲ್ಲಿ ಹಂದರಗಂಬದ ಮೇಲೆ ಭಾರ ಬಿದ್ದದ್ದು ಅದೇ ಮೊದಲು. ಶೆಟ್ಟೆವ್ವ ನೋಡಿದಳು; ಅಲುಗದಿದ್ದರೆ ಆಯಿತು ಎಂಬಂತೆ ಒಳಗೆ ಹೋದಳು.

“ಸಿಂದಗಿ ಏನಾತು?” ಎಂದ ಶ್ರೀಶೈಲಪ್ಪ, ಗಂಟು ಬಿಗಿಯುತ್ತ, ಮಗನ ಕಡೆ ನೋಡದೆ.

“ಆತು. ಇನ್ನೂ ಬೇಕಂದಾರ.”

“ಗುರ್ತಿನವರೇನು?”

“ಅಲ್ಲ.”

ಶ್ರೀಶೈಲಪ್ಪ ಅಂಗಿಯ ಕಿಸೆಯನ್ನು ಒಮ್ಮೆ ಮೇಲಿಂದ ಮುಟ್ಟಿ ನೋಡಿಕೊಂಡ. ಕೀಲಿ ಅಲ್ಲೇ ಇತ್ತು, ಹೊರಗೆ ತೆಗೆಯಲಿಲ್ಲ. “ಮುಂದಿನದಕ್ಕರ ಕಾಲಿಗಿ ಬೋಲ್ಟ ಹಾಕು” ಎಂದ. “ಈಗ ಏಣಿ ಹತ್ತು. ತಾಡಪತ್ರಿ ಜಗ್ಗಬೇಕು, ಏನಂತಿ?”

ಕಲ್ಮೇಶ ಏಣಿ ಹತ್ತಿದ. ಕೆಳಗೆ ಆರಿಫ ಹಗ್ಗ ಕೊಡುತ್ತ, ಒಂದು ಸಲ ಶ್ರೀಶೈಲಪ್ಪನ ದನಿಯಲ್ಲಿ, ಒಂದು ಸಲ ಬಾಬುಲಾಲ ಶೇಟಜಿಯ ದನಿಯಲ್ಲಿ “ಜಗ್ಗು! ಜಗ್ಗು!” ಎನ್ನುತ್ತಿದ್ದ, ಅಸಲಿ ಯಾವುದೆಂದು ತಿಳಿಯದೆ ಕಲ್ಮೇಶ ಎರಡಕ್ಕೂ ಜಗ್ಗಿದ. ಏಣಿಯನ್ನು ಆನಿಸಿದ್ದು ಛೋಟಾ ಹಾಥಿಯ ಮಗ್ಗುಲಿಗೆ. ಅದರ ಮೇಲಿನ ಕೆಂಪು ಅಕ್ಷರಗಳ ಮೇಲೆ ಅವನ ಚಪ್ಪಲಿಯ ಮಣ್ಣು ಉದುರುತ್ತಿತ್ತು. ಮೊದಲ ಬೀಗರ ಜೀಪು ತಿರುವಿನಲ್ಲಿ ಕಂಡಾಗ ಹಂದರ ನಿಂತಿತ್ತು: ಹಲವು ಬಿದಿರು, ಒಂದು ಅಲ್ಯುಮಿನಿಯಂ ಕಾಲು.